ಬಂಗುಡೆಯ ಉದ್ದ ಅಳೆಯುತ್ತಾ ಕಲಿತದ್ದು

ನಮ್ಮ ಕಡಲಿನ ಬಂಗುಡೆಗೆ ವಯಸ್ಸೆಷ್ಟು ಅಂತ ಹೇಳುವುದು ಸುಲಭವಲ್ಲ. ಚಳಿ ದೇಶಗಳ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ, ಅಂದರೆ ಕಿವಿಕಲ್ಲಿನಲ್ಲಿ, ವರ್ಷಕ್ಕೊಂದು ಉಂಗುರ ಮೂಡುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ಆ ಗುರುತು ಎದ್ದು ಕಾಣುತ್ತದೆ, ಎಣಿಸಿದರಾಯಿತು. ಅರಬ್ಬಿ ಸಮುದ್ರದ ನೀರು ವರ್ಷವಿಡೀ ಬೆಚ್ಚಗೇ ಇರುತ್ತದೆ. ಉಂಗುರ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಅದಕ್ಕೇ ನಮ್ಮಂಥವರು ಮೀನಿನ ಉದ್ದ ಅಳೆಯುತ್ತೇವೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದು ಮುಗಿಸಿದ ಮೇಲೆ ನಾನು ಮಲ್ಪೆ ಬಂದರಿನಲ್ಲಿ ಮಾಡಿದ್ದು ಮುಖ್ಯವಾಗಿ ಇದೇ ಕೆಲಸ.

ಬೇಕಾದ ಸಾಮಾನು ಕಡಿಮೆ. ಸ್ಕೇಲ್ ಅಂಟಿಸಿದ ಒಂದು ಹಲಗೆ, ತಕ್ಕಡಿ, ಒದ್ದೆಯಾದರೂ ಅಳಿಸದ ಪೆನ್ಸಿಲ್. ಕಷ್ಟ ಇರುವುದು ಯಾವ ಮೀನನ್ನು ಅಳೆಯಬೇಕು ಎನ್ನುವುದರಲ್ಲಿ. ಚೀಲದಂಥ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನಲ್ಲಿ ಕಡಲಲ್ಲೇ ಮೀನು ವಿಂಗಡಿಸುತ್ತಾರೆ. ದೊಡ್ಡದು ಒಂದು ಕಡೆ, ಮಧ್ಯಮ ಇನ್ನೊಂದು ಕಡೆ, ಚಿಕ್ಕವು ಪುಡಿ ಮಾಡಲು ಹೋಗುವ ಫಿಶ್‌ಮೀಲ್‌ ರಾಶಿಗೆ. ದೊಡ್ಡ ಮೀನಿನ ಬಾಕ್ಸ್ ಮಾತ್ರ ಅಳೆದರೆ ಕಡಲಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ಉತ್ತರ ಬರುತ್ತದೆ. ಹಾಗಾಗಿ ಪ್ರತಿ ರಾಶಿಯಿಂದಲೂ ಆರಿಸದೆ, ಕೈಗೆ ಸಿಕ್ಕಿದ ಹಾಗೆ ಮೀನು ತೆಗೆದು ಅಳೆಯಬೇಕು. ಆಮೇಲೆ ಆ ರಾಶಿಯ ಒಟ್ಟು ತೂಕಕ್ಕೆ ತಕ್ಕಂತೆ ಲೆಕ್ಕ ಏರಿಸಬೇಕು. ಫಿಶ್‌ಮೀಲ್‌ ರಾಶಿಯ ಹತ್ತಿರ ಕೂರಲು ಯಾರಿಗೂ ಮನಸ್ಸಿರುವುದಿಲ್ಲ. ಆದರೆ ನನಗೆ ಬೇಕಾದ ಮುಖ್ಯ ಮಾಹಿತಿ ಅಲ್ಲೇ ಇರುತ್ತಿತ್ತು. ಇದೆಲ್ಲ ಹರಾಜು ಮುಗಿದು ಲಾರಿ ಹೊರಡುವುದರೊಳಗೆ ಆಗಬೇಕು. ಮೀನು ಕೊಳ್ಳಲು ಬಂದ ಹೆಂಗಸರಿಗೆ ಅಡ್ಡ ಕೂತರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೂ ಹೌದು. ಅವರ ಹೊಟ್ಟೆಪಾಡು ಆ ಅರ್ಧ ಗಂಟೆಯಲ್ಲೇ ಇದೆ.

ತಿಂಗಳು ತಿಂಗಳು ಅಳೆದದ್ದನ್ನು, ಅಡ್ಡಕ್ಕೆ ಉದ್ದ, ಮೇಲಕ್ಕೆ ಮೀನಿನ ಸಂಖ್ಯೆ ಬರುವಂತೆ ಗ್ರಾಫಿನಲ್ಲಿ ಹಾಕಿದಾಗ ಒಂದು ದಿಬ್ಬ ಕಾಣಿಸುತ್ತದೆ. ಒಂದೇ ಸಮಯದಲ್ಲಿ ಹುಟ್ಟಿದ ಮೀನುಗಳ ಗುಂಪು ಅದು. ಮುಂದಿನ ತಿಂಗಳು ದಿಬ್ಬ ಸ್ವಲ್ಪ ಬಲಕ್ಕೆ ಸರಿದಿರುತ್ತದೆ. ಸರಿದಷ್ಟೂ ಬೆಳವಣಿಗೆ. ಬಂಗುಡೆ ಒಂದು ವರ್ಷದಲ್ಲಿ 20 ಸೆಂ.ಮೀ. ಆಸುಪಾಸಿಗೆ ಬರುತ್ತದೆ ಅನ್ನುವುದು ಹೀಗೆ ತಿಳಿದದ್ದು. ಬೆಳೆದ ಹಾಗೆ ದೊಡ್ಡ ಮೀನುಗಳ ಸಂಖ್ಯೆ ಎಷ್ಟು ಬೇಗ ಇಳಿಯುತ್ತದೆ ಅಂತ ನೋಡಿದರೆ ಸಾವಿನ ಪ್ರಮಾಣ ಸಿಗುತ್ತದೆ. ಅದರಲ್ಲಿ ತಾನಾಗಿ ಸತ್ತದ್ದನ್ನು ಕಳೆದರೆ ಉಳಿಯುವುದು ಬಲೆಯ ಪಾಲು. ಒಟ್ಟು ಸಾವಿನ ಅರ್ಧಕ್ಕಿಂತ ಜಾಸ್ತಿ ಬಲೆಯಿಂದಲೇ ಆಗುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಇದು ಹಳೆಯ, ಒರಟು ಅಳತೆಗೋಲು. ಆದರೂ ಮೊದಲ ನೋಟಕ್ಕೆ ನಾನು ಇವತ್ತಿಗೂ ಅದನ್ನೇ ಬಳಸುತ್ತೇನೆ.

ಇನ್ನೊಂದು ಕೆಲಸ ಹೊಟ್ಟೆ ಸೀಳುವುದು. ಮೀನು ದುಡ್ಡು ಕೊಟ್ಟು ತಂದು, ಮೊಟ್ಟೆಚೀಲ ಬಿಡಿಸಿ, ಬಲಿತಿದೆಯೇ ಇಲ್ಲವೇ ಬರೆದುಕೊಳ್ಳಬೇಕು. ಅರ್ಧದಷ್ಟು ಮೀನುಗಳು ಬಲಿತಿರುವ ಉದ್ದ ಯಾವುದು ಅನ್ನುವುದೇ ಇಲ್ಲಿ ಪ್ರಶ್ನೆ. ಬಂಗುಡೆಗೆ ಅದು ಹೆಚ್ಚುಕಡಿಮೆ 18 ಸೆಂ.ಮೀ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಕೇರಳ ಸರ್ಕಾರ ಜಾರಿಗೆ ತಂದ ಕನಿಷ್ಠ ಅಳತೆ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ (ಸಾರ್ಡೀನ್ ಮೀನು) 10 ಸೆಂ.ಮೀ. ನನ್ನ ಅಭಿಪ್ರಾಯದಲ್ಲಿ ಇದು ಕಡಿಮೆಯೇ. ಆದರೆ ಮೀನುಗಾರ ಪಾಲಿಸಬಲ್ಲ ನಿಯಮ ಕಾಗದದ ಮೇಲಿನ ಕಟ್ಟುನಿಟ್ಟಿನ ನಿಯಮಕ್ಕಿಂತ ಮೇಲು.

ಒಬ್ಬ ತಾಂಡೇಲರು, ಅಂದರೆ ಬೋಟಿನ ಮುಖ್ಯಸ್ಥರು, ದಿನಾ ನನ್ನ ಹಲಗೆ ನೋಡುತ್ತಿದ್ದರು. ಒಂದು ದಿನ ಕೇಳಿದರು: "ಅಳೆದರೆ ಮೀನು ಜಾಸ್ತಿ ಆಗ್ತದಾ ಮಾರಾಯ್ರೆ?" ಸೂತ್ರ ಹೇಳುವ ಬದಲು ಎರಡು ಬಂಗುಡೆ ತೂಗಿ ತೋರಿಸಿದೆ. ಒಂದು 10 ಸೆಂ.ಮೀ., ಇನ್ನೊಂದು 20. ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಚಿಕ್ಕದು ಫಿಶ್‌ಮೀಲ್‌ಗೆ ಹೋಗುವಂಥದ್ದು, ದೊಡ್ಡದು ಊಟದ ಮೀನು, ದರದಲ್ಲೂ ಅಜಗಜಾಂತರ. ನಡುವೆ ಬೇಕಾದದ್ದು ಕೆಲವೇ ತಿಂಗಳು. ಬಿಟ್ಟ ಮೀನೆಲ್ಲ ಬದುಕುವುದಿಲ್ಲ, ನಿಜ. ಅರ್ಧ ಸತ್ತರೂ ಉಳಿದರ್ಧದ ತೂಕ ಮೊದಲಿಗಿಂತ ಎಷ್ಟೋ ಜಾಸ್ತಿ. ಅವರು ತಕ್ಕಡಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬೋಟಿನಲ್ಲೇ ಬಲೆ ಪರೀಕ್ಷೆ ಮಾಡಲು ಒಪ್ಪಿದರು.

ಮಾಮೂಲಿ ಟ್ರಾಲ್ ಬಲೆಯ ತುದಿಯಲ್ಲಿ ಮೀನು ಸೇರುವ ಚೀಲದಲ್ಲಿ ಕಣ್ಣುಗಳು ವಜ್ರಾಕಾರದಲ್ಲಿರುತ್ತವೆ. ಎಳೆತ ಬಿದ್ದಾಗ ಅವು ಮುಚ್ಚಿಕೊಳ್ಳುತ್ತವೆ. ಕಾಗದದಲ್ಲಿ ಕಣ್ಣಿನ ಅಳತೆ ಎಷ್ಟೇ ಇರಲಿ, ಮರಿಗೆ ದಾರಿ ಸಿಗುವುದಿಲ್ಲ. ಅದೇ ಬಲೆಯನ್ನು ಚೌಕ ಕಣ್ಣು ಬರುವಂತೆ ಕಟ್ಟಿದರೆ ಎಳೆದಾಗಲೂ ಕಣ್ಣು ತೆರೆದೇ ಇರುತ್ತದೆ. ನಾವು 35 ಮಿ.ಮೀ. ಚೌಕ ಕಣ್ಣಿನ ಚೀಲ ಹಾಕಿ, ಅದರ ಹೊರಗೆ ಸಣ್ಣ ಕಣ್ಣಿನ ಇನ್ನೊಂದು ಬಲೆ ಸಡಿಲವಾಗಿ ಹೊದಿಸಿದೆವು. ಒಳಗಿನಿಂದ ತಪ್ಪಿಸಿಕೊಂಡದ್ದೆಲ್ಲ ಹೊರಗಿನದರಲ್ಲಿ ಸಿಗಬೇಕು. ಬಲೆ ಮೇಲೆತ್ತಿ ಎರಡನ್ನೂ ಬೇರೆ ಬೇರೆ ಸುರಿದೆವು. ಹೊರಗಿನ ರಾಶಿಯಲ್ಲಿ ಬೆರಳುದ್ದದ ಮದ್ಮಲ್ ಮೀನು, ಪುಟ್ಟ ಬೊಂಡಾಸ್ (ಸ್ಕ್ವಿಡ್), ಹೆಸರು ಹೇಳಲಾಗದಷ್ಟು ಸಣ್ಣ ಮರಿಗಳು. ಬೋಟಿನ ಕೆಲಸಗಾರರಾದ ಕಲಾಸಿಗಳು ಸುತ್ತ ನಿಂತು ಸುಮ್ನೆ ನೋಡಿದರು. ಒಂದಿಷ್ಟು ಸಿಗಡಿಯೂ ಹೊರಗೆ ಹೋಗಿತ್ತು. ಆ ನಷ್ಟವನ್ನೂ ನಾನು ಬರೆದುಕೊಂಡೆ. ಅದನ್ನು ಮುಚ್ಚಿಟ್ಟು ಲಾಭ ಮಾತ್ರ ಹೇಳಿದರೆ ಮತ್ತೆ ಯಾರೂ ನಮ್ಮನ್ನು ಬೋಟ್ ಹತ್ತಿಸುವುದಿಲ್ಲ, ಅಲ್ವಾ?

ಬರೀ ಹಿಡಿದ ಮೀನಿನ ತೂಕ ನೋಡಿ ತೀರ್ಮಾನಕ್ಕೆ ಬರುವವರಿಗೆ ನಾನು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ನೆನಪಿಸುತ್ತೇನೆ. ಅಲ್ಲಿ ದೊಡ್ಡ ಟ್ರಾಲರ್‌ಗಳಿಗೆ ಕಾಡ್ ಮೀನು ಚೆನ್ನಾಗಿಯೇ ಸಿಗುತ್ತಿತ್ತು. ಉಳಿದ ಮೀನು ಒಂದೆಡೆ ಗುಂಪಾಗಿತ್ತು, ಯಂತ್ರಗಳು ಆ ಗುಂಪನ್ನೇ ಹುಡುಕಿ ಹಿಡಿಯುತ್ತಿದ್ದವು. 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ನಮ್ಮಲ್ಲೂ ಈಗ ಜಿಪಿಎಸ್ ಇದೆ, ಫಿಶ್ ಫೈಂಡರ್ ಇದೆ, ವಾರಗಟ್ಟಲೆ ಕಡಲಲ್ಲಿ ಉಳಿಯುವ ಬೋಟುಗಳಿವೆ. ಹಿಡಿತ ಇಳಿದಿಲ್ಲ ಅಂದ ಮಾತ್ರಕ್ಕೆ ಮೀನು ಇಳಿದಿಲ್ಲ ಅಂತಲ್ಲ. ಗಂಟೆಗೆ ಎಷ್ಟು ಸಿಕ್ಕಿತು, ಎಷ್ಟು ದೂರ ಹೋದರು, ಯಾವ ಅಳತೆಯ ಮೀನು ಅಂತ ಮೂರನ್ನೂ ಒಟ್ಟಿಗೆ ನೋಡಬೇಕು.

ಹಾಗಂತ ಎಲ್ಲ ಏರಿಳಿತಕ್ಕೂ ಬಲೆಯೇ ಕಾರಣವಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ಕ್ಕೆ ಅದು ಕೆಲವೇ ಸಾವಿರ ಟನ್‌ಗೆ ಕುಸಿಯಿತು. ಪೆಸಿಫಿಕ್ ಸಾಗರ ಬಿಸಿಯೇರಿ ಹವಾಮಾನ ಏರುಪೇರಾಗುವ ಎಲ್ ನಿನೊ ವರ್ಷಗಳಲ್ಲಿ ನಮ್ಮ ನೀರೂ ಬಿಸಿಯಾಗಿ ಬೂತಾಯಿಗೆ ಪೆಟ್ಟು ಬೀಳುತ್ತದೆ. ಅಂಥ ವರ್ಷ ಬಲೆಯ ಒತ್ತಡವನ್ನೂ ಇಳಿಸಿದರೆ ಮೀನು ಬೇಗ ಚೇತರಿಸಿಕೊಳ್ಳುತ್ತದೆ. ಕಡಲಿನ ಬಿಸಿ ನಮ್ಮ ಕೈಯಲ್ಲಿಲ್ಲ, ಬಲೆ ಇದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಳೆಗಾಲದಲ್ಲಿ ಆಳದ ಪೋಷಕಾಂಶ ಮೇಲೆದ್ದು ಮರಿಗಳಿಗೆ ಆಹಾರ ಹೆಚ್ಚುತ್ತದೆ. ಬಹಳ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ. ಆದರೆ ಆಗ ಉಳಿದ ಮರಿಯನ್ನು ಸೆಪ್ಟೆಂಬರ್‌ನಲ್ಲಿ ಸಣ್ಣ ಕಣ್ಣಿನ ಬಲೆಯಲ್ಲಿ ಬಾಚಿದರೆ ರಜೆಯ ಫಲ ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ನಾನು ಸೀಸನ್ ಶುರುವಾಗುವ ಮೊದಲೇ ಆ ತಾಂಡೇಲರ ಬೋಟಿಗೆ ಒಂದು ಹಲಗೆ ಕೊಟ್ಟಿದ್ದೇನೆ. 14 ಸೆಂ.ಮೀ. ಜಾಗದಲ್ಲಿ ಕೆಂಪು ಗೆರೆ ಎಳೆದಿದೆ. ಬಲೆ ಎತ್ತಿದಾಗಲೆಲ್ಲ ಒಂದು ಬುಟ್ಟಿ ಬಂಗುಡೆ ಅಳೆದು, ಗೆರೆಗಿಂತ ಚಿಕ್ಕವು ಜಾಸ್ತಿ ಕಂಡರೆ ಆ ಜಾಗ ಬಿಟ್ಟು ಮುಂದೆ ಹೋಗುವುದು ಅಂತ ಅವರೇ ಮಾಡಿಕೊಂಡ ನಿಯಮ.