ರೇಂಜ್‌ಫೈಂಡರ್ ಲೆನ್ಸೋ, ಎಸ್‌ಎಲ್‌ಆರ್ ಲೆನ್ಸೋ: ಆರಿಸಿಕೊಳ್ಳುವುದು ಹೇಗೆ?

ಒಳಗೆ ಕನ್ನಡಿಯಿಲ್ಲದೆ, ಸೆನ್ಸರ್ ಕಂಡದ್ದನ್ನೇ ಪರದೆಯಲ್ಲಿ ತೋರಿಸುವ ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ ಹಳೆಯ ಮ್ಯಾನುಯಲ್ ಫೋಕಸ್ ಲೆನ್ಸ್‌ಗಳಿಗೆ ಮತ್ತೆ ಬೇಡಿಕೆ ಹುಟ್ಟಿದೆ. ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ತಕ್ಕ ಬಳೆಗಳಿದ್ದರೆ (ಅಡಾಪ್ಟರ್) ರೇಂಜ್‌ಫೈಂಡರ್‌ಗೆಂದು (ಬೇರೊಂದು ಕಿಟಕಿಯಲ್ಲಿ ನೋಡುವ ಕ್ಯಾಮೆರಾ) ಮಾಡಿದ ಲೆನ್ಸನ್ನೂ ಎಸ್‌ಎಲ್‌ಆರ್‌ಗೆಂದು (ಕನ್ನಡಿಯ ನೆರವಿನಿಂದ ಲೆನ್ಸ್ ಮೂಲಕವೇ ನೋಡುವ ಕ್ಯಾಮೆರಾ) ಮಾಡಿದ ಲೆನ್ಸನ್ನೂ ಒಂದೇ ಕ್ಯಾಮೆರಾಕ್ಕೆ ತೊಡಿಸಬಹುದಾದ್ದರಿಂದ, ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಎರಡರಲ್ಲಿ ಯಾವುದು ಹೆಚ್ಚು ಸ್ಪಷ್ಟವಾದ ಚಿತ್ರ ಕೊಡುತ್ತದೆ’ ಎಂಬುದು. ಆ ಪ್ರಶ್ನೆಯಿಂದ ಹೊರಟರೆ ದಾರಿ ತಪ್ಪುತ್ತದೆ. ಎರಡು ಬಳಗಗಳಲ್ಲೂ ಅತ್ಯುತ್ತಮ ಲೆನ್ಸ್‌ಗಳಿವೆ, ಸಾಧಾರಣವಾದವೂ ಇವೆ. ಲೆನ್ಸ್ ಯಾವ ಕ್ಯಾಮೆರಾಕ್ಕಾಗಿ ಹುಟ್ಟಿತೋ ಆ ಕ್ಯಾಮೆರಾ ಅದರ ಮೇಲೆ ಯಾವ ಕಟ್ಟುಪಾಡು ಹೇರಿತ್ತು, ಆ ಕಟ್ಟುಪಾಡು ನೀವು ತೆಗೆಯುವ ಚಿತ್ರಗಳಿಗೆ ಅಡ್ಡಿಯೇ ಅನುಕೂಲವೇ ಎಂದು ಕೇಳಿಕೊಂಡರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಹೋಗುತ್ತದೆ.

ಮೊದಲು ಅಂತರವನ್ನು ಅರಿಯಿರಿ

ಲೆನ್ಸ್ ಬಂದು ಕೂರುವ ಲೋಹದ ಬಳೆಯಿಂದ (ಮೌಂಟ್) ಫಿಲ್ಮ್ ಅಥವಾ ಸೆನ್ಸರ್‌ವರೆಗೆ ಇರುವ ದೂರವೇ ಈ ವಿಷಯದ ಬುಡ. ಲೈಕಾ ಎಂ ಕ್ಯಾಮೆರಾಗಳಲ್ಲಿ ಇದು 27.8 ಮಿ.ಮೀ. ಅದೇ ಕೆನಾನ್ ಇಎಫ್‌ನಲ್ಲಿ 44, ಪೆಂಟಾಕ್ಸ್ ಕೆ ಮೌಂಟ್‌ನಲ್ಲಿ 45.46, ನಿಕಾನ್ ಎಫ್‌ನಲ್ಲಿ 46.5 ಮಿ.ಮೀ. ಎಸ್‌ಎಲ್‌ಆರ್‌ನಲ್ಲಿ ಲೆನ್ಸ್‌ನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ವ್ಯೂಫೈಂಡರ್‌ಗೆ ಕಳಿಸುತ್ತದೆ, ಶಟರ್ ಒತ್ತಿದಾಗ ಮೇಲಕ್ಕೆ ಏಳುತ್ತದೆ. ಅದು ಆಡಲು ಜಾಗ ಬೇಕಾದ್ದರಿಂದ ಲೆನ್ಸ್ ದೂರ ಸರಿಯಲೇಬೇಕು. ರೇಂಜ್‌ಫೈಂಡರ್‌ನಲ್ಲಿ ಕನ್ನಡಿಯ ಪೆಟ್ಟಿಗೆಯೇ ಇಲ್ಲ. ಅಲ್ಲಿ ನೋಡುವ ಕಿಟಕಿ ಬೇರೆ, ಚಿತ್ರ ಮೂಡಿಸುವ ಲೆನ್ಸ್ ಬೇರೆ. ಲೆನ್ಸ್‌ನ ಹಿಂಬದಿಯ ಅಂಚು ಕ್ಯಾಮೆರಾದೊಳಗಿನ ಸನ್ನೆಯೊಂದನ್ನು ತಳ್ಳುವುದರಿಂದ ಕಿಟಕಿಯಲ್ಲಿ ಕಾಣುವ ಎರಡು ಬಿಂಬಗಳು ಒಂದಾಗುತ್ತವೆ, ಆಗ ಫೋಕಸ್ ಕೂಡಿತೆಂದು ಅರ್ಥ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಹಳೆಯ ಲೆನ್ಸ್ ಸಾಕು. 1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾಕ್ಕೆ ಆರಂಭದ ವರ್ಷಗಳಲ್ಲಿ 21 ಮಿ.ಮೀ. ಎಫ್/4 ನಿಕ್ಕೊರ್ ಲೆನ್ಸ್ ಇತ್ತು. ರೇಂಜ್‌ಫೈಂಡರ್ ಬಗೆಯ ವಿನ್ಯಾಸವಾದ್ದರಿಂದ ಅದರ ಹಿಂಭಾಗ ಕನ್ನಡಿಯ ಜಾಗದೊಳಕ್ಕೆ ಚಾಚಿಕೊಂಡಿತ್ತು. ಕನ್ನಡಿಯನ್ನು ಮೊದಲೇ ಮೇಲಕ್ಕೆತ್ತಿ ನಿಲ್ಲಿಸಿ, ಕ್ಯಾಮೆರಾದ ತಲೆಯ ಮೇಲೆ ಬೇರೊಂದು ವ್ಯೂಫೈಂಡರ್ ಸಿಕ್ಕಿಸಿ, ದೂರವನ್ನು ಅಂದಾಜಿಸಿ ಚಿತ್ರ ತೆಗೆಯಬೇಕಿತ್ತು. ಅಂದರೆ ಲೆನ್ಸ್ ಮೂಲಕವೇ ನೋಡುವ ತನ್ನ ಮುಖ್ಯ ಗುಣವನ್ನೇ ಎಸ್‌ಎಲ್‌ಆರ್ ಬಿಟ್ಟುಕೊಡಬೇಕಾಗಿತ್ತು. ಇದಕ್ಕೆ ಪರಿಹಾರವಾಗಿ ಬೆಳೆದದ್ದು ರೆಟ್ರೋಫೋಕಸ್ ವಿನ್ಯಾಸ. ಫ್ರಾನ್ಸಿನ ಆಂಜೆನ್ಯೂ ಸಂಸ್ಥೆ 1950ರಲ್ಲಿ 35 ಮಿ.ಮೀ. ಲೆನ್ಸ್‌ನಲ್ಲಿ ಈ ಹೆಸರನ್ನು ಬಳಕೆಗೆ ತಂದಿತು. ಮುಂಭಾಗದಲ್ಲಿ ಬೆಳಕನ್ನು ಚದುರಿಸುವ ಗಾಜುಗಳ ಗುಂಪನ್ನಿಟ್ಟರೆ ಫೋಕಲ್ ಲೆಂಗ್ತ್ (ಲೆನ್ಸ್ ಹೆಸರಿನ ಮಿ.ಮೀ. ಅಂಕಿ; ಅದು ಚಿಕ್ಕದಾದಷ್ಟು ನೋಟ ಅಗಲ) ಚಿಕ್ಕದಾಗಿದ್ದರೂ ಹಿಂದೆ ಕನ್ನಡಿಗೆ ಬೇಕಾದಷ್ಟು ಜಾಗ ಉಳಿಯುತ್ತದೆ. ಅದಕ್ಕೆ ಬೆಲೆಯಾಗಿ ಗಾಜಿನ ಸಂಖ್ಯೆ, ಗಾತ್ರ, ತೂಕ ಹೆಚ್ಚುತ್ತವೆ. ನೇರ ಗೆರೆಗಳು ಅಂಚಿನಲ್ಲಿ ಬಾಗುವ ದೋಷವನ್ನು ತಿದ್ದುವುದೂ ಕಷ್ಟವಾಗುತ್ತದೆ.

ನಿಮ್ಮ ಕೈಯಲ್ಲಿರುವ ಕ್ಯಾಮೆರಾ ಯಾವುದು?

ಎಸ್‌ಎಲ್‌ಆರ್ ಇದ್ದರೆ ಪ್ರಶ್ನೆ ಇಲ್ಲಿಗೇ ಮುಗಿಯುತ್ತದೆ. 27.8 ಮಿ.ಮೀ. ದೂರದಲ್ಲಿ ಕೂರಬೇಕಾದ ಲೆನ್ಸನ್ನು 44 ಮಿ.ಮೀ. ಆಚೆ ಇಟ್ಟರೆ ಅದು ಮ್ಯಾಕ್ರೋ ಲೆನ್ಸ್‌ನಂತೆ ತೀರ ಹತ್ತಿರದ್ದನ್ನು ಮಾತ್ರ ತೋರಿಸುತ್ತದೆ, ದೂರದ ಬೆಟ್ಟ ಎಂದಿಗೂ ಫೋಕಸ್‌ಗೆ ಬರುವುದಿಲ್ಲ. ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಎಸ್‌ಎಲ್‌ಆರ್ ಲೆನ್ಸ್ ತೊಡಿಸಲು ಅಡಾಪ್ಟರ್‌ಗೆ ಜಾಗವೇನೋ ಇದೆ, ಆದರೆ ಒಳಗಿನ ಸನ್ನೆಯನ್ನು ತಳ್ಳುವ ವ್ಯವಸ್ಥೆ ಅಂಥ ಲೆನ್ಸ್‌ನಲ್ಲಿ ಇರುವುದಿಲ್ಲವಾದ್ದರಿಂದ ಫೋಕಸ್ ಊಹೆಯ ಮೇಲೆ ನಿಲ್ಲುತ್ತದೆ. ಲೈವ್ ವ್ಯೂ ಇರುವ ಡಿಜಿಟಲ್ ರೇಂಜ್‌ಫೈಂಡರ್‌ಗಳಲ್ಲಿ ಮಾತ್ರ ಪರದೆ ನೋಡಿಕೊಂಡು ಕೆಲಸ ಸಾಗಿಸಬಹುದು.

ನಿಜವಾದ ಆಯ್ಕೆ ಇರುವುದು ಮಿರರ್‌ಲೆಸ್ ಬಳಸುವವರಿಗೆ. ನಿಕಾನ್ ಝಡ್‌ನಲ್ಲಿ 16, ಸೋನಿ ಇ ಮೌಂಟ್‌ನಲ್ಲಿ 18, ಕೆನಾನ್ ಆರ್‌ಎಫ್‌ನಲ್ಲಿ 20 ಮಿ.ಮೀ. ಅಂತರವಿರುವುದರಿಂದ ಎರಡು ಬಳಗಗಳೂ ಹೊಂದುತ್ತವೆ. ಆದರೆ ಅಡಾಪ್ಟರ್‌ನ ಉದ್ದವನ್ನು ಲೆಕ್ಕ ಹಾಕಿ ನೋಡಿ: ಸೋನಿಯ ಮೇಲೆ ಲೈಕಾ ಎಂ ಲೆನ್ಸ್‌ಗೆ ಬೇಕಾದ ಬಳೆ 9.8 ಮಿ.ಮೀ., ನಿಕಾನ್ ಎಫ್ ಲೆನ್ಸ್‌ಗೆ ಬೇಕಾದದ್ದು 28.5 ಮಿ.ಮೀ. ಮೊದಲೇ ದಪ್ಪಗಿರುವ ಲೆನ್ಸ್‌ನ ಹಿಂದೆ ಇನ್ನೊಂದು ಕೊಳವೆ ಸೇರಿದರೆ ಕ್ಯಾಮೆರಾ ಮುಂದಕ್ಕೆ ಮುಗ್ಗರಿಸಿದಂತಿರುತ್ತದೆ. ಹಗುರವಾದ ಚೀಲ ಬೇಕೆಂದು ಮಿರರ್‌ಲೆಸ್ ಕೊಂಡವರು ಈ ಲೆಕ್ಕವನ್ನು ಮರೆಯಬಾರದು.

ಎಷ್ಟು ಹತ್ತಿರ ಹೋಗುತ್ತೀರಿ?

ಹೆಚ್ಚಿನ ರೇಂಜ್‌ಫೈಂಡರ್ ಲೆನ್ಸ್‌ಗಳು 0.7 ಮೀಟರ್‌ಗೆ ಅಥವಾ 1 ಮೀಟರ್‌ಗೆ ನಿಂತುಬಿಡುತ್ತವೆ. ಇದಕ್ಕೆ ಕಾರಣ ಗಾಜಲ್ಲ. ಅದಕ್ಕಿಂತ ಹತ್ತಿರದಲ್ಲಿ ಸನ್ನೆಯ ಅಳತೆ ಕೈಕೊಡುತ್ತದೆ, ಕಿಟಕಿ ಕಾಣುವುದಕ್ಕೂ ಲೆನ್ಸ್ ಕಾಣುವುದಕ್ಕೂ ಇರುವ ವ್ಯತ್ಯಾಸ ಹೆಚ್ಚುತ್ತದೆ. ಎಸ್‌ಎಲ್‌ಆರ್‌ನ ಸಾಮಾನ್ಯ 50 ಮಿ.ಮೀ. ಲೆನ್ಸ್ 0.45 ಮೀಟರ್‌ವರೆಗೆ ಹೋಗುತ್ತದೆ. ಹೂವು, ಊಟದ ತಟ್ಟೆ, ಮಗುವಿನ ಕೈಬೆರಳು ನಿಮ್ಮ ವಸ್ತುಗಳಾಗಿದ್ದರೆ ಈ ಒಂದು ಅಂಕಿಯೇ ತೀರ್ಮಾನ ಮಾಡಿಬಿಡುತ್ತದೆ. ಮಿರರ್‌ಲೆಸ್‌ಗೆ ಸಿಗುವ, ತಿರುಗಿಸಿದರೆ ಉದ್ದವಾಗುವ ಅಡಾಪ್ಟರ್ ಈ ಕೊರತೆಯನ್ನು ತುಂಬುತ್ತದೆ ಎಂಬುದು ನಿಜ. ಆದರೆ ಹತ್ತಿರದ ಚಿತ್ರಕ್ಕೆಂದು ತಿದ್ದದ ಲೆನ್ಸ್ ಅಲ್ಲಿ ಅಂಚಿನಲ್ಲಿ ಮೆತ್ತಗಾಗಬಹುದು.

ಫೋಕಲ್ ಲೆಂಗ್ತ್ ನೋಡಿ ಬಳಗ ಆರಿಸಿ

ಉದ್ದನೆಯ ಲೆನ್ಸ್‌ಗಳ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ರೇಂಜ್‌ಫೈಂಡರ್ ಕಿಟಕಿಯಲ್ಲಿ ಚಿತ್ರದ ಎಲ್ಲೆ ತೋರಿಸುವ ಚೌಕಟ್ಟುಗಳು ಸಾಮಾನ್ಯವಾಗಿ 135 ಮಿ.ಮೀ.ಗೆ ಮುಗಿಯುತ್ತವೆ, ಅಲ್ಲಿಯೂ ಚೌಕಟ್ಟು ಅಂಚೆಚೀಟಿಯಷ್ಟೇ ಕಾಣುತ್ತದೆ. ಅದಕ್ಕಿಂತ ಉದ್ದದ ಲೆನ್ಸ್ ಬಳಸಲು ಲೈಕಾ ಸಂಸ್ಥೆಯೇ ವಿಸೋಫ್ಲೆಕ್ಸ್ ಎಂಬ ಕನ್ನಡಿಯ ಪೆಟ್ಟಿಗೆಯನ್ನು ಮಾರಿತು, ಎಂದರೆ ರೇಂಜ್‌ಫೈಂಡರನ್ನು ತಾತ್ಕಾಲಿಕವಾಗಿ ಎಸ್‌ಎಲ್‌ಆರ್ ಮಾಡಿತು. 90 ಮಿ.ಮೀ. ದಾಟಿದ ಮೇಲೆ ಎಸ್‌ಎಲ್‌ಆರ್ ಬಳಗಕ್ಕೇ ಹೋಗಿ.

35ರಿಂದ 50 ಮಿ.ಮೀ.ವರೆಗೆ ಚಿತ್ರದ ಗುಣಮಟ್ಟದಲ್ಲಿ ಆರಿಸುವಂಥದ್ದು ಕಡಿಮೆ. ರೇಂಜ್‌ಫೈಂಡರ್ ಲೆನ್ಸ್ ಕಿಟಕಿಗೆ ಅಡ್ಡ ಬರಬಾರದೆಂದು ಚಿಕ್ಕದಾಗಿಯೇ ಮಾಡಿದ್ದಾರೆ. ಅನೇಕ ಲೆನ್ಸ್‌ಗಳ ಫಿಲ್ಟರ್ ಅಳತೆ 39 ಮಿ.ಮೀ. ಮಾತ್ರ. ಎಸ್‌ಎಲ್‌ಆರ್ 50 ಮಿ.ಮೀ. ಲೆನ್ಸ್‌ಗಳು ಲಕ್ಷಗಟ್ಟಲೆ ತಯಾರಾಗಿದ್ದರಿಂದ ಅಗ್ಗ. ಗಾತ್ರ ಮುಖ್ಯವೋ ಹಣ ಮುಖ್ಯವೋ ಎಂಬುದಷ್ಟೇ ಇಲ್ಲಿ ಪ್ರಶ್ನೆ.

ಎಡವುವುದು ಅಗಲ ನೋಟದ ವೈಡ್ ಲೆನ್ಸ್‌ಗಳಲ್ಲಿ. ಕನ್ನಡಿಯ ತಡೆ ಇಲ್ಲದ ಕಾರಣ ಲುಡ್ವಿಗ್ ಬರ್ಟೆಲೆ ಝೈಸ್ ಸಂಸ್ಥೆಗಾಗಿ ರೂಪಿಸಿದ 21 ಮಿ.ಮೀ. ಬಯೋಗಾನ್‌ನಂಥ ಲೆನ್ಸ್‌ಗಳು ಫಿಲ್ಮ್‌ಗೆ ತೀರ ಹತ್ತಿರ ಬಂದು ಕೂರಲು ಸಾಧ್ಯವಾಯಿತು. ಮುಂದೆ ಹಿಂದೆ ಹೆಚ್ಚುಕಡಿಮೆ ಸಮರೂಪವಾದ ಈ ವಿನ್ಯಾಸದಲ್ಲಿ ಗೆರೆಗಳು ಬಾಗುವುದೇ ಇಲ್ಲವೆನ್ನುವಷ್ಟು ನೇರವಾಗಿರುತ್ತವೆ. ಕಟ್ಟಡಗಳ ಚಿತ್ರ ತೆಗೆಯುವವರು ಫಿಲ್ಮ್ ಕಾಲದಲ್ಲಿ ಇವನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೂಲೆಗಳಿಗೆ ಬೆಳಕು ಬಹಳ ಓರೆಯಾಗಿ ಬೀಳುತ್ತದೆ. 35 ಮಿ.ಮೀ. ಫಿಲ್ಮ್‌ನ ಚೌಕಟ್ಟಿನ ಮೂಲೆಗೆ 21 ಮಿ.ಮೀ. ಲೆನ್ಸ್‌ನಿಂದ ಬರುವ ಕಿರಣದ ಓರೆ ಸುಮಾರು 45 ಡಿಗ್ರಿ; ಅಷ್ಟು ಓರೆಯಲ್ಲಿ ಅಲ್ಲಿ ಬೀಳುವ ಬೆಳಕು ನಡುಭಾಗದ ಕಾಲು ಪಾಲು, ಅಂದರೆ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಫಿಲ್ಮ್ ಇದನ್ನು ಹೇಗೋ ಸಹಿಸಿತು. ಡಿಜಿಟಲ್ ಸೆನ್ಸರ್‌ನ ಮೇಲೆ ಗಾಜಿನ ಹೊದಿಕೆ ಇರುವುದರಿಂದ ಓರೆ ಕಿರಣಗಳು ಅದರಲ್ಲಿ ಹಾದುಹೋಗುವಾಗ ದಾರಿ ತಪ್ಪಿ, ಅಂಚುಗಳು ಹಿಸುಕಿದಂತೆ ಮಸುಕಾಗುತ್ತವೆ. ಬಣ್ಣವೂ ನೇರಳೆಗೋ ಹಸಿರಿಗೋ ತಿರುಗುತ್ತದೆ. 2009ರ ಲೈಕಾ ಎಂ9 ಕ್ಯಾಮೆರಾದ ಸೆನ್ಸರ್‌ನಲ್ಲಿ ಅಂಚಿನ ಸೂಕ್ಷ್ಮ ಮಸೂರಗಳನ್ನು ಸ್ವಲ್ಪ ಸರಿಸಿ ಕೂರಿಸಿದ್ದು, ಹೊದಿಕೆಯ ಗಾಜನ್ನು ತೆಳುವಾಗಿಟ್ಟದ್ದು ಈ ತೊಂದರೆಗಾಗಿಯೇ. ಸಾಮಾನ್ಯ ಮಿರರ್‌ಲೆಸ್‌ಗಳ ಹೊದಿಕೆ ಅದಕ್ಕಿಂತ ದಪ್ಪ. ನಾನೂ ಇಂಥದೊಂದು 21 ಮಿ.ಮೀ. ಲೆನ್ಸ್ ಕೊಂಡು, ಬಿಳಿ ಗೋಡೆಯ ಎರಡೂ ಬದಿ ನೇರಳೆಯಾದದ್ದನ್ನು ಕಂಡು, ಕೊನೆಗೆ ಅದನ್ನು ಕಪ್ಪುಬಿಳುಪು ಚಿತ್ರಗಳಿಗೆ ಮೀಸಲಿಟ್ಟೆ. ಆದ್ದರಿಂದ ಮಿರರ್‌ಲೆಸ್ ಮೇಲೆ 28 ಮಿ.ಮೀ.ಗಿಂತ ಅಗಲವಾದ ನೋಟ ಬೇಕಿದ್ದರೆ ತುಸು ಭಾರವಾದರೂ ಎಸ್‌ಎಲ್‌ಆರ್‌ನ ರೆಟ್ರೋಫೋಕಸ್ ಲೆನ್ಸನ್ನೇ ಆರಿಸುವುದು ಲೇಸು. ಅದರ ಕಿರಣಗಳು ಸೆನ್ಸರ್ ಮೇಲೆ ಹೆಚ್ಚು ನೆಟ್ಟಗೆ ಬೀಳುತ್ತವೆ. ಫಿಲ್ಮ್ ರೇಂಜ್‌ಫೈಂಡರ್ ಇರುವವರಿಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.

ಅಪರ್ಚರ್ ಮತ್ತು ಫೋಕಸ್

ಬೆಳಕು ಹಾಯುವ ಕಂಡಿಯೇ ಅಪರ್ಚರ್; ಎಫ್ ಅಂಕಿ ಹೆಚ್ಚಿದಷ್ಟು ಅದು ಕಿರಿದು. ಎಸ್‌ಎಲ್‌ಆರ್ ಲೆನ್ಸ್ ಕೊಳ್ಳುವಾಗ ಅದನ್ನು ಕೈಯಿಂದ ಬದಲಿಸುವ ಅಪರ್ಚರ್ ಬಳೆ ಇದೆಯೇ ಎಂದು ಮೊದಲೇ ನೋಡಿ. 1987ರಲ್ಲಿ ಬಂದ ಕೆನಾನ್ ಇಎಫ್ ಲೆನ್ಸ್‌ಗಳಲ್ಲಿ ಅಪರ್ಚರ್ ವಿದ್ಯುತ್ತಿನಿಂದ ನಡೆಯುತ್ತದೆ, ಬಳೆಯೇ ಇಲ್ಲ. ಸಾದಾ ಅಡಾಪ್ಟರ್ ಹಾಕಿದರೆ ಅದನ್ನು ಬದಲಿಸುವ ದಾರಿಯಿಲ್ಲ. ಮ್ಯಾನುಯಲ್ ಫೋಕಸ್‌ನ ರೇಂಜ್‌ಫೈಂಡರ್ ಲೆನ್ಸ್‌ಗಳಲ್ಲಿ ಈ ತೊಡಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಸೊನ್ನಾರ್ ಎಂಬ ಹಳೆಯ ಝೈಸ್ ವಿನ್ಯಾಸದ ಎಫ್/1.5 ಲೆನ್ಸ್‌ಗಳಲ್ಲಿ ಅಪರ್ಚರ್ ಕಿರಿದಾಗಿಸಿದಂತೆ ಫೋಕಸ್ ಬಿಂದು ಸ್ವಲ್ಪ ಹಿಂದಕ್ಕೆ ಜಾರುತ್ತದೆ. ರೇಂಜ್‌ಫೈಂಡರ್ ಕಿಟಕಿಯಲ್ಲಿ ಇದು ಕಾಣುವುದೇ ಇಲ್ಲ. ಮಿರರ್‌ಲೆಸ್‌ನಲ್ಲಿ ಚಿತ್ರ ತೆಗೆಯುವ ಅಪರ್ಚರ್‌ನಲ್ಲಿಯೇ ಫೋಕಸ್ ಮಾಡಿದರೆ ಸಾಕು, ದೋಷ ತಾನಾಗಿ ಅಳಿಸಿಹೋಗುತ್ತದೆ.

ಬೀದಿಯಲ್ಲಿ ಚಿತ್ರ ತೆಗೆಯುವವರು ಫೋಕಸ್ ಮಾಡುತ್ತಾ ನಿಲ್ಲುವುದಿಲ್ಲ. 35 ಮಿ.ಮೀ. ಲೆನ್ಸನ್ನು ಎಫ್/8ರಲ್ಲಿಟ್ಟು 3 ಮೀಟರ್‌ಗೆ ಹೊಂದಿಸಿದರೆ ಸುಮಾರು 1.9ರಿಂದ 7 ಮೀಟರ್‌ವರೆಗಿನದೆಲ್ಲ ಸ್ಪಷ್ಟವಾಗಿರುತ್ತದೆ. ಹೀಗೆ ಬಳಸಲು ರೇಂಜ್‌ಫೈಂಡರ್ ಲೆನ್ಸ್ ಸೊಗಸು. ಬೆರಳಿಗೆ ಸಿಗುವ ಪುಟ್ಟ ಹಿಡಿ ಇರುವ ಲೆನ್ಸ್‌ಗಳಲ್ಲಿ ಅದು ಎಲ್ಲಿದೆ ಎಂಬುದರಿಂದಲೇ ನೋಡದೆ ದೂರ ಹೇಳಬಹುದು.

ಕೈಗೆ ತೆಗೆದುಕೊಂಡಾಗ

ಹಳೆಯ ಲೆನ್ಸ್ ಆದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಮಬ್ಬು ಅಥವಾ ಬೂಸ್ಟಿನ ಎಳೆಗಳಿವೆಯೇ ನೋಡಿ. ಅಪರ್ಚರ್ ಅಲಗುಗಳ ಮೇಲೆ ಎಣ್ಣೆ ಕಂಡರೆ ಬಳಗಕ್ಕೆ ತಕ್ಕಂತೆ ತೂಗಬೇಕು: ಎಸ್‌ಎಲ್‌ಆರ್ ಲೆನ್ಸ್‌ನ ಅಲಗು ಶಟರ್ ಒತ್ತಿದ ಕ್ಷಣದಲ್ಲಿ ಥಟ್ಟನೆ ಮುಚ್ಚಬೇಕಾದ್ದರಿಂದ ಎಸ್‌ಎಲ್‌ಆರ್ ಮೇಲೆ ಎಣ್ಣೆ ದೊಡ್ಡ ದೋಷ, ಕೈಯಿಂದಲೇ ತಿರುಗಿಸುವ ರೇಂಜ್‌ಫೈಂಡರ್ ಲೆನ್ಸ್‌ನಲ್ಲಿ ಅಷ್ಟಲ್ಲ. ರೇಂಜ್‌ಫೈಂಡರ್ ಲೆನ್ಸನ್ನು ಅದರ ಕ್ಯಾಮೆರಾದಲ್ಲೇ ಬಳಸುವುದಾದರೆ, ಓರೆಯಾಗಿಟ್ಟ ಅಳತೆಪಟ್ಟಿಯ ಒಂದು ಅಂಕಿಗೆ 1 ಮೀಟರ್ ದೂರದಿಂದ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಚಿತ್ರ ತೆಗೆಯಿರಿ. ಸ್ಪಷ್ಟವಾದದ್ದು ಅದೇ ಅಂಕಿಯಾಗಿರಬೇಕು, ಇಲ್ಲದಿದ್ದರೆ ಲೆನ್ಸ್ ಅಥವಾ ಕ್ಯಾಮೆರಾ ಹೊಂದಾಣಿಕೆಗೆ ಹೋಗಬೇಕು.

ಅಡಾಪ್ಟರ್ ತೊಡಿಸಿದ ಮೇಲೆ ಲೆನ್ಸನ್ನು ಮೆಲ್ಲಗೆ ಅಲುಗಿಸಿ. ಆಟವಿದ್ದರೆ ಒಂದು ಅಂಚು ಸ್ಪಷ್ಟ, ಇನ್ನೊಂದು ಮಸುಕು ಆಗುತ್ತದೆ, ಆಗ ಲೆನ್ಸನ್ನು ದೂರಿ ಪ್ರಯೋಜನವಿಲ್ಲ. ಅನಂತ ದೂರಕ್ಕೆ ಖಂಡಿತವಾಗಿ ಫೋಕಸ್ ಸಿಗಲೆಂದು ಬಹಳಷ್ಟು ಅಡಾಪ್ಟರ್‌ಗಳನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ. ಅಂಥದ್ದರಲ್ಲಿ ಲೆನ್ಸ್ ಮೇಲಿನ ದೂರದ ಅಂಕಿಗಳು ನಿಜವಾದ ದೂರಕ್ಕೆ ಸರಿಹೊಂದುವುದಿಲ್ಲ, ಅದರಲ್ಲೂ ವೈಡ್ ಲೆನ್ಸ್‌ಗಳಲ್ಲಿ ವ್ಯತ್ಯಾಸ ದೊಡ್ಡದು. ಮೇಲೆ ಹೇಳಿದ 3 ಮೀಟರ್‌ನ ಉಪಾಯ ಮಾಡುವ ಮೊದಲು, 3 ಮೀಟರ್ ಅಳೆದು ಒಂದು ವಸ್ತುವನ್ನಿಟ್ಟು ಪರದೆಯಲ್ಲಿ ದೊಡ್ಡದು ಮಾಡಿ ಫೋಕಸ್ ಕೂಡಿಸಿ, ಬಳೆ ನಿಂತ ಜಾಗಕ್ಕೆ ಬಿಳಿ ಬಣ್ಣದ ಚುಕ್ಕೆಯೊಂದನ್ನು ಇಟ್ಟುಕೊಳ್ಳಿ.