ಹಲಗೆ ತುಂಡು ಮಾಡಿ ಬಣ್ಣದ ಅಚ್ಚು ತೆಗೆಯೋದು: ಮುಂಕ್ ದಾರಿ

ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ 1899ರಲ್ಲಿ 'ಒಂಟಿಗಳು' ಅನ್ನೋ ಮರದಚ್ಚಿನ ಚಿತ್ರ (ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯೋ ಚಿತ್ರ) ಮಾಡಿದ. ಕಡಲ ದಡದಲ್ಲಿ ಒಬ್ಬ ಗಂಡು, ಒಬ್ಬಳು ಹೆಣ್ಣು, ಇಬ್ಬರೂ ನಮಗೆ ಬೆನ್ನು ಹಾಕಿ ನಿಂತಿದ್ದಾರೆ. ಪಕ್ಕದಲ್ಲೇ ಇದ್ದರೂ ಒಬ್ಬರ ಕನಸಿಗೆ ಇನ್ನೊಬ್ಬರು ಬರೋದಿಲ್ಲ ಅನ್ನಿಸುತ್ತದೆ. ಮುಖವಂತೂ ಕಾಣೋದಿಲ್ಲ, ಹಾಗಾದರೆ ಆ ಭಾವ ಎಲ್ಲಿಂದ ಬಂತು? ನನ್ನ ಪ್ರಕಾರ ಗರಗಸದಿಂದ. ಅವನು ಹಲಗೆಯನ್ನೇ ಕುಯ್ದಿದ್ದ: ಕಡಲು ಒಂದು ತುಂಡು, ಹೆಣ್ಣು ಒಂದು ತುಂಡು, ದಡ ಮತ್ತು ಗಂಡು ಸೇರಿ ಇನ್ನೊಂದು. ಒಂದೊಂದಕ್ಕೂ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ, ಒಂದೇ ಸಲಕ್ಕೆ ಅಚ್ಚು ತೆಗೆಯುತ್ತಿದ್ದ.

ಇದನ್ನು ಮನೆಯಲ್ಲೂ ಮಾಡಬಹುದು. ತೆಳು ಪ್ಲೈವುಡ್ ಸಾಕು, ಆದರೆ ಮೇಲ್ಮೈಯಲ್ಲಿ ಮರದ ಎಳೆ ಚೆನ್ನಾಗಿ ಕಾಣುವಂಥದ್ದನ್ನೇ ಆರಿಸಿ. ತಂತಿ ಬ್ರಶ್‌ನಿಂದ ಎಳೆಯ ಉದ್ದಕ್ಕೂ ಗಟ್ಟಿಯಾಗಿ ಉಜ್ಜಿದರೆ ಮೆತ್ತಗಿನ ಭಾಗ ಸವೆದು ಗೆರೆಗಳು ಎದ್ದು ನಿಲ್ಲುತ್ತವೆ. ನೀರು, ಆಕಾಶ ಕೆತ್ತೋ ಕೆಲಸ ಅರ್ಧ ಅಲ್ಲೇ ಮುಗೀತು. ಮುಂಕ್‌ನ 1902ರ 'ಮುತ್ತು' ನೋಡಿ, ಹಿನ್ನೆಲೆ ಪೂರ್ತಿ ಮರದ ಎಳೆಗಳೇ!

ಹಲಗೆ ಮೇಲೆ ಚಿತ್ರ ಬರೆಯುವಾಗ, ಅಚ್ಚಿನಲ್ಲಿ ಎಡ ಬಲ ಅದಲು ಬದಲಾಗುತ್ತದೆ ಅನ್ನೋದು ನೆನಪಿರಲಿ. ವಿವರ ಜಾಸ್ತಿ ಬೇಡ. ಆಕೃತಿಯ ಅಂಚು ದಡದ ಗೆರೆಗೋ ಹಲಗೆಯ ಅಂಚಿಗೋ ತಾಗುವ ಹಾಗಿದ್ದರೆ ಗರಗಸ ಸಲೀಸಾಗಿ ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಮೊದಲು ಡ್ರಿಲ್‌ನಲ್ಲಿ ತೂತು ಕೊರೆದು ಬ್ಲೇಡ್ ತೂರಿಸಬೇಕು. ಸಣ್ಣ ಬ್ಲೇಡಿನ, ಫ್ರೆಟ್ ಸಾ ಅನ್ನೋ ಗರಗಸ ಬೇಕು. ಕೂದಲು, ಬಟ್ಟೆಯ ಮಡಿಕೆ, ಕಲ್ಲು ಇವನ್ನೆಲ್ಲ ಕುಯ್ಯುವ ಮೊದಲೇ ಉಳಿಯಿಂದ ಕೆತ್ತಿಕೊಳ್ಳಿ, ಬಿಡಿ ತುಂಡುಗಳು ಕೈಯಲ್ಲಿ ಜಾರುತ್ತವೆ.

ಪ್ರತಿ ತುಂಡಿಗೂ ರೋಲರ್‌ನಿಂದ ತೆಳುವಾಗಿ ಇಂಕ್ ಹಚ್ಚಿ. ದಪ್ಪ ಹಚ್ಚಿದರೆ ಎಳೆಗಳೆಲ್ಲ ಮುಚ್ಚಿಹೋಗುತ್ತವೆ. ಸಪಾಟಾದ ಮಣೆ ಮೇಲೆ ಜೋಡಿಸಿ, ಸುತ್ತ ಪಟ್ಟಿ ಕೊಟ್ಟು ಬಿಗಿ ಮಾಡಿ, ತೆಳು ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ನಿಧಾನಕ್ಕೆ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ, ಬಣ್ಣ ಸಾಲದು ಅನ್ನಿಸಿದರೆ ಮತ್ತೆ ಉಜ್ಜಿ.

ಆಕೃತಿಯ ಸುತ್ತ ಸಣ್ಣ ಬಿಳಿ ಗೆರೆ ಉಳಿಯುತ್ತದೆ. ಗರಗಸ ತಿಂದ ಜಾಗ ಅದು. ದಯವಿಟ್ಟು ಅದನ್ನು ಬಣ್ಣದಿಂದ ತುಂಬಬೇಡಿ, ಮುಂಕ್ ಚಿತ್ರದ ಹೆಣ್ಣನ್ನು ಲೋಕದಿಂದ ಬೇರೆ ಮಾಡಿರೋದೇ ಅಂಥ ಗೆರೆ ಅಲ್ವಾ? ಮುಂದಿನ ಪ್ರತಿಗೆ ತುಂಡುಗಳನ್ನು ಒರೆಸಿ ಬಣ್ಣ ಬದಲಿಸಿ. ಮುಂಕ್ ಕೂಡ ಅದೇ ಹಲಗೆಯಿಂದ ಬೇರೆ ಬೇರೆ ಬಣ್ಣದಲ್ಲಿ ಪ್ರತಿಗಳನ್ನು ತೆಗೆದಿದ್ದಾನೆ.