ತುಪ್ಪ, ಪಾಕ, ಜೋನಿಬೆಲ್ಲ: ಹರಳು ಕಟ್ಟುವ ಹೊತ್ತು

ತುಪ್ಪ ಮರಳು ಮರಳಾಗಿ ಬರಬೇಕು ಅಂತ ಎಲ್ಲರಿಗೂ ಆಸೆ. ಅದಕ್ಕೆ ಏನು ಹಾಕಬೇಕು ಅಂತ ಹೊಸದಾಗಿ ಸಂಸಾರ ಹೂಡಿದವರು ನನ್ನನ್ನು ಕೇಳುತ್ತಿರುತ್ತಾರೆ. ಏನೂ ಹಾಕಬೇಕಾಗಿಲ್ಲ. ವೀಳ್ಯದೆಲೆ ಹಾಕಿದರೆ ಪರಿಮಳ ಬರುತ್ತದೆ, ಹಾಕಿ. ಆದರೆ ಮರಳು ಬರುವುದು ಎಲೆಯಿಂದಲ್ಲ, ತುಪ್ಪ ಆರುವ ರೀತಿಯಿಂದ.

ಮೊದಲು ಕಾಯಿಸುವುದನ್ನೇ ಗಮನವಿಟ್ಟು ನೋಡಿ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರಿರುತ್ತದೆ, ಮನೆಯಲ್ಲಿ ಕಡೆದದ್ದರಲ್ಲಿ ಇನ್ನೂ ಜಾಸ್ತಿ ಇರಬಹುದು. ಆ ನೀರು ಇರುವವರೆಗೂ ಚಟಪಟ ಸದ್ದು. ಒಲೆಯ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಹಾಗಾಗಿ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಸದ್ದು ಅಡಗಿತೋ, ಬಿಸಿ ಸರ್ರನೆ ಏರುತ್ತದೆ. ಆ ಹೊತ್ತಿನಲ್ಲಿ ಒಲೆ ಬಿಟ್ಟು ಕದಲಬೇಡಿ. ತಳದ ಗಸಿ ಹೊಂಬಣ್ಣಕ್ಕೆ ಬಂದ ಕೂಡಲೇ ಇಳಿಸಿ, ಸೋಸಿ.

ಇನ್ನು ಆರಿಸುವುದು. ತುಪ್ಪದೊಳಗೆ ಇರುವುದು ಒಂದೇ ಥರದ ಜಿಡ್ಡಲ್ಲ. ಕೆಲವು ಬೇಗ ಗಟ್ಟಿಯಾಗುತ್ತವೆ, ಕೆಲವು ತೀರಾ ತಣ್ಣಗಾಗುವ ತನಕ ನೀರಾಗಿಯೇ ಇರುತ್ತವೆ. ನಿಧಾನಕ್ಕೆ ಆರಿದರೆ ಬೇಗ ಗಟ್ಟಿಯಾಗುವ ಜಿಡ್ಡು ಒಂದಕ್ಕೊಂದು ಅಂಟಿ ದಪ್ಪ ಕಾಳಾಗುತ್ತದೆ, ಉಳಿದದ್ದು ಅದರ ಸುತ್ತ ತಿಳಿಯಾಗಿ ನಿಲ್ಲುತ್ತದೆ. ಬಿಸಿ ಬಿಸಿ ತುಪ್ಪವನ್ನು ಫ್ರಿಜ್ಜಿನಲ್ಲಿಟ್ಟರೆ ಕಾಳು ಬೆಳೆಯಲು ಪುರುಸೊತ್ತೇ ಸಿಗುವುದಿಲ್ಲ, ಎಲ್ಲ ಒಟ್ಟಿಗೆ ನುಣ್ಣಗೆ ಹೆಪ್ಪಾಗುತ್ತದೆ. ಚಳಿಗಾಲದಲ್ಲಿ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಅಡುಗೆಮನೆಯೇ ಫ್ರಿಜ್ಜಿನಂತಿರುತ್ತದೆ. ಆಗ ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ, ಬೆಂಕಿ ಆರಿದ ಒಲೆಯ ಪಕ್ಕ ಇಡಿ. ಉಗುರು ಬೆಚ್ಚಗಾದಾಗ ಹಳೆಯ ಮರಳು ತುಪ್ಪ ಒಂದು ಚಮಚ ಸೇರಿಸಿ. ತುಪ್ಪ ಜಾಸ್ತಿ ಬಿಸಿ ಇದ್ದರೆ ಹಳೆಯ ಕಾಳು ಕರಗಿಹೋಗುತ್ತದೆ, ಉಪಯೋಗವಿಲ್ಲ. ಸೇರಿಸಿದ ಮೇಲೆ ಅಲುಗಿಸಬೇಡಿ. ಗಾಜಿನ ಭರಣಿಯಾದರೆ ತಳದಲ್ಲಿ ಬಿಳಿ ಕಾಳು ಒಂದೊಂದಾಗಿ ಕೂರುವುದು ಕಣ್ಣಿಗೇ ಕಾಣುತ್ತದೆ. ಮರಳು ಬರಲಿಲ್ಲ ಅಂದರೂ ಬೇಜಾರಿಲ್ಲ. ಮತ್ತೆ ಕರಗಿಸಿ, ಮತ್ತೆ ಆರಿಸಿ.

ಸಕ್ಕರೆ ಪಾಕಕ್ಕೂ ಇದೇ ಗುಣ. ಆದರೆ ಇಲ್ಲಿ ಹರಳು ಬೇಕೋ ಬೇಡವೋ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. 100 ಗ್ರಾಂ ನೀರು 20 ಡಿಗ್ರಿಯಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗಿಸಿಕೊಳ್ಳುತ್ತದೆ. ಕುದಿಯುವಾಗ ಅದರ ಎರಡರಷ್ಟಕ್ಕೂ ಮೀರಿ ಹಿಡಿಯುತ್ತದೆ. ಆರಿದಾಗ ಹೆಚ್ಚಾದ ಸಕ್ಕರೆ ಹೊರಗೆ ಬರಲೇಬೇಕಲ್ವಾ? ಪಾತ್ರೆಯ ಅಂಚಿಗೆ ಅಂಟಿದ ಒಂದು ಹರಳು ಒಳಗೆ ಬಿದ್ದರೂ ಸಾಕು, ಅದನ್ನೇ ಹಿಡಿದುಕೊಂಡು ಪಾಕವೆಲ್ಲ ಮರಳುಗಟ್ಟುತ್ತದೆ. ಜಾಮೂನಿಗೆ, ಬಾದುಷಾಕ್ಕೆ ಹಾಗಾಗಬಾರದು. ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಕ್ಕರೆ ಕರಗಿದ ಮೇಲೆ ಸೌಟು ಆಡಿಸಬೇಡಿ, ಕುದಿಯುವಾಗ ನಾಲ್ಕು ಹನಿ ನಿಂಬೆರಸ ಬಿಡಿ. ಹುಳಿ ಬಿದ್ದಾಗ ಸಕ್ಕರೆಯ ಒಂದಿಷ್ಟು ಭಾಗ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ನಡುವೆ ಬಂದು ಹರಳು ಕಟ್ಟಲು ಬಿಡುವುದಿಲ್ಲ.

ಕೊಬ್ಬರಿ ಮಿಠಾಯಿಗೆ ಇದೆಲ್ಲ ತಿರುಗಾಮುರುಗಾ. ಅಲ್ಲಿ ಹರಳು ಬೇಕು, ಅದಕ್ಕೇ ಕೈ ಬಿಡದೆ ಮಗುಚಬೇಕು. ಬಾಣಲೆಯ ಅಂಚಿನಲ್ಲಿ ಬೆಳ್ಳಗೆ ಒಣಗಿದ ಗೆರೆ ಮೂಡುತ್ತದೆ. ಮಿಶ್ರಣ ತಳ ಬಿಡುತ್ತದೆ, ಗುಳ್ಳೆ ಏಳುತ್ತದೆ, ಹೊಳಪು ಹೋಗುತ್ತದೆ. ಸಕ್ಕರೆ ಮತ್ತೆ ಹರಳಾಗುತ್ತಿದೆ ಅನ್ನುವುದಕ್ಕೆ ಆ ಬಿಳಿ ಗೆರೆಯೇ ಗುರುತು. ತಟ್ಟೆಗೆ ತುಪ್ಪ ಸವರಿ ಮೊದಲೇ ಪಕ್ಕದಲ್ಲಿಟ್ಟಿರಿ, ಆಮೇಲೆ ಹುಡುಕುತ್ತಾ ಕೂತರೆ ಬಾಣಲೆಯಲ್ಲೇ ಪುಡಿಯಾಗುತ್ತದೆ. ನನಗೆ ಅಡುಗೆಯಲ್ಲಿ ಇದಕ್ಕಿಂತ ಚೆಂದದ ಗಳಿಗೆ ಇನ್ನೊಂದಿಲ್ಲ. ಮಕ್ಕಳನ್ನು ಸ್ವಲ್ಪ ದೂರ ನಿಲ್ಲಿಸಿ ತೋರಿಸಿ.

ಆಲೆಮನೆಯಿಂದ ತಂದ ಜೋನಿಬೆಲ್ಲದ ತಳದಲ್ಲಿ ದಿನ ಕಳೆದಂತೆ ಹರಳು ಕೂರುತ್ತದೆ. ಸಕ್ಕರೆ ಬೆರೆಸಿದ್ದಾರೆ ಅಂತ ಸುಮ್ನೆ ಅನುಮಾನ ಬೇಡ, ಅದು ಕಬ್ಬಿನದೇ ಸಕ್ಕರೆ. ಜೇನುತುಪ್ಪವೂ ಚಳಿಯಲ್ಲಿ ಹೀಗೇ ಹೆರೆಯುತ್ತದೆ, ಅಲ್ಲಿ ಹರಳಾಗುವುದು ಗ್ಲೂಕೋಸ್. ಎರಡಕ್ಕೂ ಮದ್ದು ಒಂದೇ: ಭರಣಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಜೇನಿಗಾದರೆ ಕೈ ತಡೆಯುವಷ್ಟೇ ಬಿಸಿ ಸಾಕು, ಒಲೆಯ ಮೇಲೆ ಇಡಲೇಬೇಡಿ. ಒದ್ದೆ ಚಮಚ ಎರಡಕ್ಕೂ ಆಗದು, ನೀರು ಸೇರಿದರೆ ಹುಳಿ ಬರುತ್ತದೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪಾಗುತ್ತದೆ. ಹೆಪ್ಪಾದ ಮಾತ್ರಕ್ಕೆ ಶುದ್ಧ ಅಂತ ನಂಬಬೇಡಿ, ಬೇರೆ ಕೆಲವು ಎಣ್ಣೆಗಳೂ ಹಾಗೇ ಗಟ್ಟಿಯಾಗುತ್ತವೆ. ಚಳಿಗಾಲಕ್ಕೆ ಅಗಲ ಬಾಯಿಯ ಬಾಟಲಿಗೆ ಹಾಕಿಟ್ಟುಕೊಳ್ಳಿ.

ಮಕ್ಕಳಿಗೆ ಹರಳು ಬೆಳೆಯುವುದನ್ನು ಕೂತಲ್ಲೇ ತೋರಿಸಬೇಕೆಂದರೆ ಉಪ್ಪೇ ಸುಲಭ. ಗಟ್ಟಿ ಉಪ್ಪುನೀರಿನ ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ತೆಳ್ಳಗೆ ಹರಡಿ, ಬಿಸಿಲಿಗೆ ಇಡಿ. ಭೂತಗನ್ನಡಿ ಹಿಡಿದರೆ ಅಂಚಿನಿಂದ ಚೌಕ ಚೌಕವಾದ ಹರಳು ಮೂಡುವುದು ಕಾಣುತ್ತದೆ. ಉಪ್ಪುನೀರನ್ನು ಬರೀ ತಣ್ಣಗೆ ಮಾಡಿದರೆ ಸಾಲದು, ನೀರು ಆರಿಹೋಗಬೇಕು. ಬಿಸಿನೀರು ತಣ್ಣೀರಿಗಿಂತ ತುಸುವೇ ಹೆಚ್ಚು ಉಪ್ಪು ಕರಗಿಸುತ್ತದೆ, ಅದಕ್ಕೇ. ಮಳೆಗಾಲದಲ್ಲಿ ಈ ಕೆಲಸಕ್ಕೆ ಹೋಗಬೇಡಿ. ಆಗುಂಬೆ ಕಡೆಯ ಥಂಡಿಯಲ್ಲಿ ಹನಿ ಒಣಗುವುದಿಲ್ಲ, ಡಬ್ಬಿಯ ಉಪ್ಪೇ ಗಾಳಿಯ ಪಸೆ ಹೀರಿ ನೀರಾಗುತ್ತದೆ. ಅಂಥ ದಿನಗಳಲ್ಲಿ ವಾರಕ್ಕೆ ಬೇಕಾದಷ್ಟು ಉಪ್ಪನ್ನು ಮಾತ್ರ ಹೊರಗಿಟ್ಟು, ಉಳಿದದ್ದನ್ನು ಬಿಗಿ ಮುಚ್ಚಳದ ಭರಣಿಯಲ್ಲಿ ಒಲೆಯ ಬಿಸಿ ತಾಗುವ ಜಾಗದಲ್ಲಿಡಿ.